ಗುಡ್ಡ ಹತ್ತಿದ ಪುಟ್ಟ ಬಂಡಿ

ನಮ್ಮ ಮನೆಯಿಂದ ತೋಟಕ್ಕೆ ಒಂದು ಮೈಲಿ ದಾರಿ. ಅದರಲ್ಲಿ ಮುಕ್ಕಾಲು ಪಾಲು ಏರು. ಮಳೆಗಾಲದಲ್ಲಿ ಕೊಚ್ಚಿಹೋಗುವ ಕೆಮ್ಮಣ್ಣು, ಬೇಸಗೆಯಲ್ಲಿ ಕಾಲ ಕೆಳಗೆ ಉರುಳುವ ಕಲ್ಲು. ಮಲೆನಾಡಿನ ಓದುಗರಿಗೆ ಇಂಥ ದಾರಿಯನ್ನು ವರ್ಣಿಸಬೇಕಾದ್ದಿಲ್ಲ. ಬಯಲುಸೀಮೆಯವರಿಗೆ ವರ್ಣಿಸಿದರೂ ನಂಬಿಕೆ ಬರಲಿಕ್ಕಿಲ್ಲ. 1990ರ ದಶಕದ ನಡುವಿನಲ್ಲಿ ನಮ್ಮ ತಂದೆಯವರು ಯಾರೋ ಓಡಿಸಿ ಬಿಟ್ಟಿದ್ದ ಒಂದು ಮೊಪೆಡ್ಡನ್ನು ಕೊಂಡು ತಂದರು. ಊರ ರಸ್ತೆಯಲ್ಲಿ ಅದು ಬಹು ಚೆನ್ನಾಗಿ ಓಡುತ್ತಿತ್ತು. ತೋಟದ ಏರಿನಲ್ಲಿ ಮಾತ್ರ ಅರ್ಧಕ್ಕೆ ಬಂದು, ಮುದಿ ಎತ್ತಿನ ಹಾಗೆ ಒಮ್ಮೆ ನಿಟ್ಟುಸಿರು ಬಿಟ್ಟು ನಿಂತುಬಿಡುತ್ತಿತ್ತು. ಆಮೇಲೆ ತಂದೆಯವರು ಗೊಬ್ಬರದ ಚೀಲವನ್ನೂ ಬಂಡಿಯನ್ನೂ ಕೂಡಿಯೇ ತಳ್ಳಬೇಕು. ಬಂಡಿಯಿಲ್ಲದಿದ್ದಾಗ ಚೀಲವನ್ನು ಮಾತ್ರ ಹೊರುತ್ತಿದ್ದರು.

ಪೇಟೆಯಲ್ಲಿ ಸೈಕಲ್ಲು ರಿಪೇರಿ ಮಾಡುವ ಒಬ್ಬಾತನಿದ್ದ. ಅವನು ಬಂಡಿಯನ್ನು ಒಂದು ಸುತ್ತು ನೋಡಿದ, ದಾರಿ ಹೇಗಿದೆಯೆಂದು ಕೇಳಿದ, ಎರಡು ದಿನ ಬಿಟ್ಟು ಬನ್ನಿ ಎಂದ. ಹಿಂದಿನ ಚಕ್ರದ ಹಲ್ಲುಗಾಲಿಯನ್ನು ಬಿಚ್ಚಿ, ದಪ್ಪ ಉಕ್ಕಿನ ತಗಡಿನಲ್ಲಿ ಅದಕ್ಕಿಂತ ಅಗಲವಾದ ಇನ್ನೊಂದನ್ನು ಕೊಯ್ದು, ಅರದಿಂದ ಒಂದೊಂದೇ ಹಲ್ಲನ್ನು ತೀಡಿ ಕೂರಿಸಿದ್ದ. ಹಳೆಯ ಚೈನು ಸಾಲದೆ ಕೆಲವು ಕೊಂಡಿಗಳನ್ನು ಸೇರಿಸಿದ್ದ. ಬಂಡಿಯನ್ನು ಒಪ್ಪಿಸುತ್ತ ಅವನು ಹೇಳಿದ್ದು ಇಷ್ಟೇ: “ಇನ್ನು ಇದು ಓಡೋದಿಲ್ಲ ಅಯ್ನೋರೇ, ಹತ್ತುತ್ತೆ.” ಮಾತು ಅಕ್ಷರಶಃ ನಿಜವಾಯಿತು. ರಸ್ತೆಯಲ್ಲಿ ಎತ್ತಿನ ಗಾಡಿಯವರು ನಗುವಷ್ಟು ನಿಧಾನ. ಏರಿನಲ್ಲಿ ಮಾತ್ರ ಜೇನುಹುಳುವಿನ ಸದ್ದು ಮಾಡುತ್ತ, ಚೀಲ ಹೊತ್ತು, ನಿಲ್ಲದೆ ತೋಟದ ಬೇಲಿಯವರೆಗೆ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು ಯಂತ್ರಗಳ ಇತಿಹಾಸಕ್ಕೆ ಕೈಹಾಕುವುದೇಕೆ ಎಂದು ಯಾರಾದರೂ ಕೇಳಿದರೆ, ಆ ಹಲ್ಲುಗಾಲಿಯೇ ನನ್ನ ಉತ್ತರ. ಹಸ್ತಪ್ರತಿಗಳನ್ನು ನೋಡುವವರಿಗೆ ಪಾಠಾಂತರವೆಂಬ ಮಾತು ಪರಿಚಿತ. ಕವಿ ಒಂದು ಬರೆದ, ಓಲೆಯನ್ನು ನಕಲು ಮಾಡಿದವನು ಇನ್ನೊಂದು ಬರೆದ. ಬಹುವೇಳೆ ಅದು ಕೈತಪ್ಪು. ಕೆಲವು ವೇಳೆ ಮಾತ್ರ ನಕಲುಗಾರನ ಓದೇ ಮೂಲಕ್ಕಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಯಂತ್ರಗಳಿಗೂ ಪಾಠಾಂತರಗಳುಂಟು. ಕಾಡುದಾರಿಯಲ್ಲಿ ಓಡುವ ಪುಟ್ಟ ಮೋಟಾರು ಸೈಕಲ್ಲು ಇಂಥ ಪಾಠಾಂತರದಿಂದ ಹುಟ್ಟಿದ ವಸ್ತು. ಕಾರ್ಖಾನೆಯ ಮಹಾಶಯರು ಅದನ್ನು ಮೊದಲು ಕಲ್ಪಿಸಿದವರಲ್ಲ. ಒಂದು ಸಣ್ಣ ಊರಿನ ಅಂಗಡಿಯಾತ ಮಾಡಿದ್ದನ್ನು ಅವರು ಅನಂತರ ಒಪ್ಪಿಕೊಂಡರು.

ಪುಟ್ಟ ಬಂಡಿಯ ಕಥೆ ಆರಂಭವಾಗುವುದು ಯುದ್ಧದಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನ ವೆಲ್ವಿನ್ ಎಂಬ ಊರಿನ ಹತ್ತಿರ ಒಂದು ದೊಡ್ಡ ಬಂಗಲೆಯಲ್ಲಿ ಗುಪ್ತ ಕಾರ್ಯಗಳಿಗೆ ಬೇಕಾದ ಉಪಕರಣಗಳನ್ನು ಮಾಡುವವರಿದ್ದರು. ಅವರು ಮಾಡಿದ ಹಲವು ವಸ್ತುಗಳ ಹೆಸರು ‘ವೆಲ್’ ಎಂದೇ ಮೊದಲಾಗುತ್ತದೆ. ಅವುಗಳಲ್ಲಿ ಒಂದು ವೆಲ್‌ಬೈಕ್. 98 ಸಿ.ಸಿ. ವಿಲಿಯರ್ಸ್ ಇಂಜಿನ್ನು, ಮಡಿಚಿಡುವ ಹಿಡಿಗಳು, ಒಳಕ್ಕೆ ಇಳಿಯುವ ಆಸನ. ದೀಪವಿಲ್ಲ, ಸ್ಪ್ರಿಂಗು ಇಲ್ಲ, ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಇಡೀ ಬಂಡಿಯ ತೂಕ ಸುಮಾರು 32 ಕಿಲೋ. ಅದನ್ನು ಒಂದು ಉದ್ದನೆಯ ಲೋಹದ ಡಬ್ಬಿಯಲ್ಲಿ ತುಂಬಿ ಪ್ಯಾರಾಚೂಟಿನೊಡನೆ ವಿಮಾನದಿಂದ ಬಿಡುವುದು. ಕೆಳಗಿಳಿದ ಸಿಪಾಯಿ ಡಬ್ಬಿ ತೆರೆದು, ಹಿಡಿ ತಿರುಗಿಸಿ, ತಳ್ಳಿ ಹತ್ತಿ ಹೊರಟುಬಿಡುವುದು. ಬರ್ಮಿಂಗ್‌ಹ್ಯಾಮಿನ ಎಕ್ಸೆಲ್ಸಿಯರ್ ಕಂಪನಿ 1942ರಿಂದ ಮೊದಲ್ಗೊಂಡು ಇಂಥ ಮೂರು ಸಾವಿರಕ್ಕೂ ಮಿಕ್ಕಿ ಬಂಡಿಗಳನ್ನು ಮಾಡಿಕೊಟ್ಟಿತು.

ಕಾಗದದ ಮೇಲೆ ಇದು ಬಹು ಸೊಗಸಾದ ಏರ್ಪಾಡು. 1944ರಲ್ಲಿ ಹಾಲೆಂಡಿನ ಆರ್ನೆಮ್ ಕಾಳಗದವರೆಗೂ ಅದು ಹೋಯಿತು. ಆದರೆ ನೆಲ ಕಾಗದದಷ್ಟು ನುಣುಪಾಗಿರುವುದಿಲ್ಲ. ಡಬ್ಬಿಯಲ್ಲಿ ಹಿಡಿಸಬೇಕೆಂಬ ಹಟಕ್ಕೆ ಚಕ್ರವನ್ನು ತೀರ ಚಿಕ್ಕದು ಮಾಡಿದ್ದರು. ಚಕ್ರ ಚಿಕ್ಕದಾದಷ್ಟೂ ಕಲ್ಲು ದೊಡ್ಡದಾಗುತ್ತದೆ. ದೊಡ್ಡ ಚಕ್ರ ಉರುಳಿ ದಾಟುವ ಗುಂಡಿಯಲ್ಲಿ ಪುಟ್ಟ ಚಕ್ರ ಬಿದ್ದು ಕೂರುತ್ತದೆ. ಉತ್ತ ಹೊಲದಲ್ಲಿ, ಗುಂಡಿಬಿದ್ದ ದಾರಿಯಲ್ಲಿ ಈ ಬಂಡಿಗಿಂತ ಕಾಲೇ ವಾಸಿ ಎಂದು ಎಷ್ಟೋ ಸಿಪಾಯಿಗಳು ಅದನ್ನು ಬಿಟ್ಟು ನಡೆದರು. ಯುದ್ಧ ಮುಗಿದ ಮೇಲೆ ಅದೇ ಬಂಡಿ ಸಾಧು ಸ್ವಭಾವದ ‘ಕಾರ್ಗಿ’ಯಾಗಿ, 1947ರಿಂದ ಕೆಲವು ವರ್ಷ ಇಂಗ್ಲೆಂಡಿನ ರಸ್ತೆಗಳಲ್ಲಿ ಸಂಸಾರಸ್ಥರನ್ನು ಹೊತ್ತು ತಿರುಗಿತು. ಕಾಡುಮೇಡಿನ ಆಸೆಯನ್ನು ಬಿಟ್ಟುಬಿಟ್ಟಿತು.

ಆ ಆಸೆ ಮತ್ತೆ ಚಿಗುರಿದ್ದು ಅಮೆರಿಕದಲ್ಲಿ. ಅಲ್ಲಿನ ಪಶ್ಚಿಮದ ಪ್ರಾಂತಗಳಲ್ಲಿ ಮನೆಯ ಹಿತ್ತಿಲೆಂದರೆ ಬೆಟ್ಟ. ಶರತ್ಕಾಲ ಬಂತೆಂದರೆ ಜನ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೊರಡುತ್ತಾರೆ. ಬೇಟೆ ಸಿಕ್ಕಿದ ಸಂತೋಷ, ಸತ್ತ ಜಿಂಕೆಯನ್ನು ಹೆಗಲ ಮೇಲೆ ಹೊತ್ತು ಮೈಲಿಗಟ್ಟಲೆ ಇಳಿಯುವಾಗ ಉಳಿಯುವುದಿಲ್ಲ. ಯೂಟಾ ಪ್ರಾಂತದ ಪ್ರೋವೋ ಎಂಬಲ್ಲಿ ರಾಲ್ಫ್ ಬಾನಮ್ ಎಂಬಾತ 1958ರಲ್ಲಿ ಇದಕ್ಕೊಂದು ಬಂಡಿ ಮಾಡಿದ. ಕೊಳವೆಗಳ ಚೌಕಟ್ಟು, ಒಂದು ಸಣ್ಣ ಇಂಜಿನ್ನು, ದಪ್ಪ ಟೈರು, ಬಹು ನಿಧಾನವಾದ ನಡಿಗೆ. ಹೆಸರು ‘ಟೋಟ್ ಗೋಟ್’, ಎಂದರೆ ಹೊರೆ ಹೊರುವ ಆಡು. ನೋಡಲು ಕುರೂಪಿ. ಹೆಸರಿಟ್ಟವನಿಗೆ ಮಾತ್ರ ಭಾಷೆಯ ಕಿವಿಯಿತ್ತೆಂದು ಮೆಚ್ಚಬೇಕು.

ಅದೇ ಕಾಲಕ್ಕೆ ಅಮೆರಿಕದ ಮನೆಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳು ಮನೆಗೊಂದರಂತೆ ಬಂದಿದ್ದವು. ಬ್ರಿಗ್ಸ್ ಅಂಡ್ ಸ್ಟ್ರಾಟನ್, ಟೆಕಮ್ಸೆ ಎಂಬ ಕಂಪನಿಗಳ ಎರಡು ಮೂರು ಅಶ್ವಶಕ್ತಿಯ ಇಂಜಿನ್ನುಗಳು ಅಗ್ಗದ ಬೆಲೆಗೆ ಎಲ್ಲೆಂದರಲ್ಲಿ ಸಿಕ್ಕುತ್ತಿದ್ದವು. ಹುಡುಗರು ಅದನ್ನು ಬಿಚ್ಚಿ ತಂದು, ನೀರಿನ ಕೊಳವೆಯನ್ನು ಬಗ್ಗಿಸಿ ಬೆಸುಗೆ ಹಾಕಿ, ತಳ್ಳುಗಾಡಿಯ ಚಕ್ರ ಜೋಡಿಸಿದರೆ ಒಂದು ಮಿನಿ ಬೈಕು ಆಯಿತು. ಮಾಡುವ ಕ್ರಮವನ್ನು ಚಿತ್ರಸಹಿತ ವಿವರಿಸುವ ನಕ್ಷೆಗಳು ಜನಪ್ರಿಯ ಪತ್ರಿಕೆಗಳಲ್ಲೇ ಅಚ್ಚಾಗುತ್ತಿದ್ದವು. 1960ರ ದಶಕದ ಕೊನೆಯ ಹೊತ್ತಿಗೆ ಇದು ದೊಡ್ಡ ವ್ಯಾಪಾರವೇ ಆಯಿತು. ಒಹಾಯೊ ಪ್ರಾಂತದಲ್ಲಿ ಇಂಥ ಬಂಡಿಗಳ ಕಾರ್ಖಾನೆ ನಡೆಸಿದ ಮಿಕ್ಕಿ ರಪ್ ಎಂಬಾತ 1965ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಕಾರು ಓಡಿಸಿದವನು. ಈ ಬಂಡಿಗಳಲ್ಲಿ ಬಹುಪಾಲಿಗೆ ಸ್ಪ್ರಿಂಗು ಇರಲಿಲ್ಲ. ಬ್ರೇಕೆಂದರೆ ಕಾಲಲ್ಲಿ ಒತ್ತಿದರೆ ಹಿಂದಿನ ಟೈರನ್ನು ಉಜ್ಜುವ ಒಂದು ಲೋಹದ ಪಟ್ಟಿ. ಟೈರು ಒದ್ದೆಯಾದರೆ ಅದು ಇದ್ದೂ ಇಲ್ಲದಂತೆ. ಬ್ರೇಕಿನ ಮಾತಿಗೆ ಇನ್ನೊಮ್ಮೆ ಬರುತ್ತೇನೆ. ಅದರಲ್ಲಿ ನನಗೆ ಸ್ವಾನುಭವವಿದೆ.

ಈಗ ನಾನು ಹೇಳಹೊರಟ ಮುಖ್ಯ ಪ್ರಸಂಗ. ಜಪಾನಿನಲ್ಲಿ 1958ರ ಆಗಸ್ಟಿನಲ್ಲಿ ಹೋಂಡಾ ಕಂಪನಿ ಸೂಪರ್ ಕಬ್ ಎಂಬ ಬಂಡಿಯನ್ನು ಮಾರಾಟಕ್ಕೆ ತಂದಿತು. 49 ಸಿ.ಸಿ. ಇಂಜಿನ್ನು, ನಾಲ್ಕೂವರೆ ಅಶ್ವಶಕ್ತಿ. ಎಡಗೈಯಲ್ಲಿ ಕ್ಲಚ್ಚು ಹಿಡಿಯಬೇಕಾದ ಗೊಡವೆಯಿಲ್ಲ. ಶಾವಿಗೆಯ ತಟ್ಟೆಗಳನ್ನು ಒಂದು ಕೈಯಲ್ಲಿ ಎತ್ತಿಹಿಡಿದು ಮನೆಮನೆಗೆ ಮುಟ್ಟಿಸುವ ಹೋಟೆಲಿನ ಹುಡುಗ ಉಳಿದ ಒಂದು ಕೈಯಲ್ಲೇ ಓಡಿಸುವಂತಿರಬೇಕೆಂದು ಕಂಪನಿಯ ವ್ಯವಹಾರ ನೋಡುತ್ತಿದ್ದ ಫುಜಿಸಾವಾ ಹೇಳಿದ್ದರಂತೆ. ಅಂದರೆ ಇದು ಅಪ್ಪಟ ಪೇಟೆಯ ಬಂಡಿ. ಮರುವರ್ಷ, 1959ರಲ್ಲಿ, ಹೋಂಡಾದವರು ಲಾಸ್ ಏಂಜಲಿಸಿನಲ್ಲಿ ಅಂಗಡಿ ತೆರೆದರು. ಅಮೆರಿಕದವರಿಗೆ ದೊಡ್ಡ ಬಂಡಿಯೇ ಬೇಕೆಂದು ಅವರ ಎಣಿಕೆ. ಆ ದೊಡ್ಡ ಬಂಡಿಗಳು ಅಮೆರಿಕದ ದೂರಗಳಲ್ಲಿ ಎಣ್ಣೆ ಸೋರಿ ಕೆಟ್ಟು ನಿಂತವು. ನೌಕರರು ಓಡಾಟಕ್ಕೆಂದು ಇಟ್ಟುಕೊಂಡಿದ್ದ ಪುಟ್ಟ ಸೂಪರ್ ಕಬ್‌ಗಳನ್ನೇ ಜನ ನಿಂತು ನೋಡತೊಡಗಿದರು.

ಹೀಗಿರುವಾಗ 1960ರಲ್ಲಿ ಅಲ್ಲಿನ ಮಾರಾಟದ ಮುಖ್ಯಸ್ಥ ಜ್ಯಾಕ್ ಮೆಕಾರ್ಮಿಕ್ ಎಂಬವರು ಲೆಕ್ಕದ ಪುಸ್ತಕ ನೋಡುತ್ತ ಒಂದು ವಿಚಿತ್ರವನ್ನು ಕಂಡರು. ಲಾಸ್ ಏಂಜಲಿಸಿನಂಥ ಮಹಾನಗರದಲ್ಲಿ ಕಂಪನಿಗೆ ಆರು ಅಂಗಡಿಗಳು. ಆ ಆರೂ ಸೇರಿ ಮಾರುತ್ತಿದ್ದುದಕ್ಕಿಂತ ಹೆಚ್ಚು ಪುಟ್ಟ ಬಂಡಿಗಳನ್ನು ಐಡಹೊ ಪ್ರಾಂತದ ಬಾಯ್ಸಿ ಎಂಬ ಊರಿನ ಒಂದೇ ಅಂಗಡಿ ಮಾರುತ್ತಿತ್ತು. ಬಾಯ್ಸಿ ಆ ಪ್ರಾಂತದ ರಾಜಧಾನಿಯೇನೋ ಸರಿ. ಆದರೂ ಊರಾಚೆ ಕಾಲಿಟ್ಟರೆ ಕುರುಚಲು ಗುಡ್ಡ, ಅದರಾಚೆ ಪರ್ವತ. ಅಲ್ಲಿ ಶಾವಿಗೆಯ ತಟ್ಟೆ ಹೊರುವವರು ಯಾರು? ಮೆಕಾರ್ಮಿಕ್ ವಿಚಾರಿಸಿದರು. ಅಂಗಡಿಯಾತನ ಹೆಸರು ಹರ್ಬ್ ಯೂಲ್. ಅವನು ಮಾಡುತ್ತಿದ್ದುದು ಎರಡೇ ಕೆಲಸ: ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಹಲ್ಲುಗಾಲಿ, ಮತ್ತು ಗುಬುಟುಗಳುಳ್ಳ ಟೈರು. ಇಷ್ಟು ಮಾಡಿ ಅದನ್ನು ಕಾಡುದಾರಿಯ ಬಂಡಿಯೆಂದು ಮಾರುತ್ತಿದ್ದ. ಬೇಟೆಯವರು, ಮೀನು ಹಿಡಿಯುವವರು ಕೊಳ್ಳುತ್ತಿದ್ದರು.

ಈ ಭಾಗವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ನಮ್ಮ ಪೇಟೆಯ ರಿಪೇರಿಯಾತ ಐಡಹೊ ಎಂಬ ಹೆಸರನ್ನು ಕೇಳಿದವನಲ್ಲ. ಆದರೂ ಅದೇ ಏರು, ಅದೇ ಉಸಿರುಗಟ್ಟುವ ಪುಟ್ಟ ಇಂಜಿನ್ನು, ಅದೇ ಹಲ್ಲುಗಾಲಿ.

ಇದರ ಗುಟ್ಟು ಬಹು ಸರಳ. ಮುಂದಿನ ಪುಟ್ಟ ಗಾಲಿಗೆ 13 ಹಲ್ಲು, ಹಿಂದಿನದಕ್ಕೆ 39 ಹಲ್ಲು ಎಂದಿಟ್ಟುಕೊಳ್ಳೋಣ. ಮುಂದಿನದು ಮೂರು ಸುತ್ತು ಬಂದರೆ ಚಕ್ರ ಒಂದು ಸುತ್ತು ಬರುತ್ತದೆ. ಹಿಂದಿನದನ್ನು 65 ಹಲ್ಲಿನದಾಗಿ ಮಾಡಿದರೆ ಐದು ಸುತ್ತಿಗೆ ಒಂದು. ವೇಗ ಐದರಲ್ಲಿ ಮೂರು ಪಾಲಿಗೆ ಇಳಿಯಿತು. ಎಳೆಯುವ ಬಲ ಮೂರು ಇದ್ದದ್ದು ಐದಾಯಿತು. ಇಂಜಿನ್ನಿನ ಶಕ್ತಿ ಎಳ್ಳಷ್ಟೂ ಹೆಚ್ಚಲಿಲ್ಲ. ಆಗುಂಬೆಯ ಘಾಟಿಯನ್ನು ಕಡಿದವರು ಮಾಡಿದ್ದೂ ಇದನ್ನೇ: ನೆಟ್ಟಗೆ ಹತ್ತಲಾರದ ಬೆಟ್ಟವನ್ನು ಸುತ್ತು ಸುತ್ತಾಗಿ ದೂರ ಮಾಡಿ ಹತ್ತಿಸಿದರು. ರಿಪೇರಿಯಾತ ಆ ಸುತ್ತುಗಳನ್ನು ರಸ್ತೆಯಿಂದ ತೆಗೆದು ಚಕ್ರದೊಳಗೆ ಇಟ್ಟ.

ಮೆಕಾರ್ಮಿಕ್ ಆ ಬಂಡಿಯನ್ನು ಲಾಸ್ ಏಂಜಲಿಸಿನ ಹತ್ತಿರದ ಗುಡ್ಡಗಳಲ್ಲಿ ಪರೀಕ್ಷಿಸಿ ನೋಡಿದರು. ಹತ್ತಿತು. ಒಂದು ಮಾದರಿಯನ್ನು ಜಪಾನಿಗೆ ಕಳುಹಿಸಿ, ಹೀಗೇ ಮಾಡಿಕೊಡಿ ಎಂದು ಬರೆದರು. ಇಲ್ಲಿ ಹೋಂಡಾದವರನ್ನು ಹೊಗಳಬೇಕು. ನಮ್ಮ ಬಂಡಿಯನ್ನು ಕೆಡಿಸಿದವನಾರು ಎಂದು ಅವರು ಕೇಳಲಿಲ್ಲ. 1961ರ ಮಾರ್ಚಿನ ಹೊತ್ತಿಗೆ ‘ಟ್ರೇಲ್ 50’ ಕಾರ್ಖಾನೆಯಿಂದಲೇ ಹೊರಬಿತ್ತು. ಕಾಲಿಗೆ ಕೆಸರು ಹಾರದಂತಿದ್ದ ಮರೆ ಹೋಯಿತು. ಗುಬುಟಿನ ಟೈರು ಬಂತು. ಹಿಂದಿನ ಚಕ್ರದ ಮೇಲೆ ರಸ್ತೆಗೊಂದು, ಗುಡ್ಡಕ್ಕೊಂದು ಹೀಗೆ ಎರಡು ಹಲ್ಲುಗಾಲಿ ಬಂದವು. ಬೆಟ್ಟದ ಬುಡಕ್ಕೆ ಬಂದಾಗ ಇಳಿದು, ಚೈನಿಗೆ ತುಂಡೊಂದನ್ನು ಸೇರಿಸಿ ದೊಡ್ಡ ಗಾಲಿಗೆ ಹಾಕಿಕೊಳ್ಳಬೇಕು. ನಮ್ಮ ರಿಪೇರಿಯಾತ ಕೊಂಡಿ ಸೇರಿಸಿದ್ದು ಇದಕ್ಕೇ. ಕೈಗೆ ಎಣ್ಣೆ ಮೆತ್ತಿಕೊಳ್ಳುವ ಈ ಕೆಲಸ 1960ರ ದಶಕದ ಕೊನೆಯವರೆಗೂ ನಡೆಯಿತು. ಆಮೇಲೆ 90 ಸಿ.ಸಿ. ಬಂಡಿಯಲ್ಲಿ ಒಂದು ಸನ್ನೆಯನ್ನು ತಿರುಗಿಸಿದರೆ ಗುಡ್ಡದ ನಡಿಗೆ ಬರುವ ಏರ್ಪಾಡಾಯಿತು. ಅದರ ಮುಂದಿನ ಪೀಳಿಗೆಯಾದ 110 ಸಿ.ಸಿ. ಬಂಡಿ 1980ರಲ್ಲಿ ಬಂದಿತು. ಆಸ್ಟ್ರೇಲಿಯದ ಅಂಚೆಯವರು ಅದರ ಮೇಲೆ ದಶಕಗಳ ಕಾಲ ಮನೆಮನೆಗೆ ಕಾಗದ ಹಂಚಿದರು.

ಜಪಾನಿನವರ ಇನ್ನೊಂದು ಪುಟ್ಟ ಬಂಡಿಯ ಕಥೆ ಇದಕ್ಕೆ ತಿರುವುಮುರುವು. ಟೋಕಿಯೊದ ತಮಾ ಟೆಕ್ ಎಂಬ ವಿಹಾರೋದ್ಯಾನದಲ್ಲಿ ಮಕ್ಕಳು ಸವಾರಿ ಮಾಡಲೆಂದು 1961ರಲ್ಲಿ ಅಂಗೈಯಗಲದ ಚಕ್ರದ ಒಂದು ಆಟಿಕೆ ಬಂಡಿಯನ್ನು ಮಾಡಿದ್ದರು. ದೊಡ್ಡವರು ಅದರ ಮೇಲೆ ಮೊಣಕಾಲು ಮಡಿಚಿ ಕೂತರೆ ಕೋತಿಯ ಹಾಗೆ ಕಾಣುತ್ತಿದ್ದರಾಗಿ ಅದಕ್ಕೆ ‘ಮಂಕಿ’ ಎಂದೇ ಹೆಸರಾಯಿತು. 1967ರಲ್ಲಿ ರಸ್ತೆಗೆ ಬಂದಿತು. ಕಾರಿನ ಹಿಂದೆ ಮಡಿಚಿಡಬಹುದಾಗಿತ್ತು. ಇದನ್ನು ಕೊಂಡವರು ಇದ್ದಂತೆ ಓಡಿಸಿದ್ದು ಅಪರೂಪ. ದೊಡ್ಡ ಸಿಲಿಂಡರು, ಉದ್ದನೆಯ ಹಿಂದೋಳು, ಬೇರೆ ಫೋರ್ಕು, ದಪ್ಪ ಟೈರು ಹೀಗೆ ಬದಲಿಸುತ್ತ ಹೋಗಿ ಕೊನೆಗೆ ಮೂಲದ್ದೆಂದರೆ ಹೆಸರು ಮಾತ್ರ ಉಳಿಯುವುದುಂಟು. ಹಾಗೆ ಬದಲಿಸುವ ಸಾಮಾನನ್ನು ಮಾರಿಯೇ ಜಪಾನಿನಲ್ಲಿ ಎಷ್ಟೋ ಅಂಗಡಿಗಳು ಬದುಕಿವೆ. ಯೂಲ್ ಮಾಡಿದ್ದು ಅವಶ್ಯಕತೆಯ ಪಾಠಾಂತರ, ಇದು ವಿಲಾಸದ್ದು. ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತದೆ. ಎರಡನೆಯದನ್ನು ಹಳಿಯುವ ಅಧಿಕಾರ ಮಾತ್ರ ನನಗಿಲ್ಲ. ಯಮಕಕ್ಕಾಗಿ ಯಮಕ ಬರೆದ ಕವಿಗಳನ್ನು ನಾನು ಸಂಬಳ ತೆಗೆದುಕೊಂಡು ಹೊಗಳುತ್ತೇನೆ.

ಕಥೆಗೆ ಇನ್ನೊಂದು ಮಗ್ಗುಲುಂಟು. ಕಾಲು ಹೋಗದಲ್ಲಿಗೆ ಚಕ್ರ ಹೋದರೆ ಚಕ್ರದ ಹಿಂದೆ ನೀರು ಹೋಗುತ್ತದೆ. ಗುಬುಟಿನ ಟೈರು ಹುಲ್ಲಿನ ಬೇರನ್ನು ಕಿತ್ತು ಮಾಡಿದ ಗೆರೆ ಮೊದಲ ಮಳೆಗೆ ಕಾಲುವೆ, ಹತ್ತನೆಯ ಮಳೆಗೆ ಕೊರಕಲು. ಅಮೆರಿಕದ ಮರುಭೂಮಿಗಳೂ ಬೆಟ್ಟಗಳೂ ಹೀಗೆ ಸೀಳಿಹೋಗತೊಡಗಿದಾಗ ಅಧ್ಯಕ್ಷ ನಿಕ್ಸನ್ 1972ರ ಫೆಬ್ರವರಿಯಲ್ಲಿ ಒಂದು ಆಜ್ಞೆ ಹೊರಡಿಸಿ, ಸರ್ಕಾರದ ಭೂಮಿಯಲ್ಲಿ ಇಂಥ ಬಂಡಿಗಳು ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂದು ಗೊತ್ತುಮಾಡಿಸಿದರು. ಹೊಗೆಕೊಳವೆಯಿಂದ ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ಬೀಳದಂತೆ ಜಾಲರಿ ಕಟ್ಟಬೇಕೆಂಬ ನಿಯಮವೂ ಅಲ್ಲಿನ ಕಾಡುಗಳಲ್ಲಿದೆ. ನಮ್ಮ ಪಶ್ಚಿಮಘಟ್ಟದ ಹುಲ್ಲುಬೆಟ್ಟಗಳ ಮೇಲೆ ಮೋಜಿಗಾಗಿ ಬಂಡಿ ಹತ್ತಿಸುವವರು ಬಿಟ್ಟುಹೋದ ಗೆರೆಗಳನ್ನು ನಾನೂ ನೋಡಿದ್ದೇನೆ. ಗೊಬ್ಬರದ ಚೀಲ ಹೊತ್ತ ಚಕ್ರದ ಗೆರೆಗೂ ಅದಕ್ಕೂ ನೆಲದ ಮಟ್ಟಿಗೆ ವ್ಯತ್ಯಾಸವಿಲ್ಲವೆಂಬುದು ಮಾತ್ರ ನನ್ನನ್ನು ಕಾಡುತ್ತದೆ. ತೋಟದ ದಾರಿಯಲ್ಲಿ ನಮ್ಮ ಬಂಡಿ ತೋಡಿದ ಕೊರಕಲನ್ನು ತಂದೆಯವರು ಪ್ರತಿ ಬೇಸಗೆಯೂ ಕಲ್ಲು ತುಂಬಿ ಮುಚ್ಚುತ್ತಿದ್ದರು.

ಬ್ರೇಕಿನ ಮಾತು. ಆ ಹಲ್ಲುಗಾಲಿ ಬಂದ ಮರುವರ್ಷ, ಹದಿನೈದು ವರ್ಷದ ನಾನು, ಓಡಿಸಬಾರದ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಬಂಡಿಯನ್ನು ತೋಟದಿಂದ ಇಳಿಸಿದೆ. ಹಿಂದೆ ಎರಡು ಗೊನೆ ಬಾಳೆ. ಬಂಡಿ ಹತ್ತುವುದನ್ನು ಕಲಿತಿತ್ತೇ ಹೊರತು ಇಳಿಯುವುದನ್ನು ಕಲಿತಿರಲಿಲ್ಲ. ಹಲ್ಲುಗಾಲಿ ಬದಲಾಗಿತ್ತು, ಬ್ರೇಕು ಊರ ರಸ್ತೆಯದೇ ಆಗಿತ್ತು. ಏರು ಅರ್ಧ ಕಳೆಯುವ ಹೊತ್ತಿಗೆ ಸುಟ್ಟ ವಾಸನೆ ಬಂತು, ಹಿಡಿ ಸಡಿಲವಾಯಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಬಾಳೆಗೊನೆ ಎರಡೂ ಸುಖವಾಗಿದ್ದವು. ನನ್ನ ಎಡಗೈ ಮುರಿದಿತ್ತು. ತಂದೆಯವರು ನನ್ನನ್ನು ಬೈಯಲಿಲ್ಲ. ಮರುದಿನ ಆ ರಿಪೇರಿಯಾತನ ಅಂಗಡಿಗೆ ಹೋಗಿ ಅವನನ್ನು ನಾಲ್ಕು ಜನರೆದುರಿಗೆ ಬೈದು ಬಂದರು. ಇಂಥ ಬಂಡಿ ಮಾಡಿಕೊಟ್ಟದ್ದೇ ತಪ್ಪೆಂದರಂತೆ. ಅವನು ಏನೂ ಹೇಳಲಿಲ್ಲವಂತೆ. ಹಿಂದಿನ ವರ್ಷವೆಲ್ಲ ಅವನ ಕೈಚಳಕವನ್ನು ಕಂಡಕಂಡವರಲ್ಲಿ ಹೊಗಳಿದ್ದವರು ಅವರೇ. ಕೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದ ನಾನು, ಕದ್ದು ಓಡಿಸಿದ್ದು ನಾನು, ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ.

ಮಾಡಿದವನ ಬಂಡಿಗೆ ಕಾರ್ಖಾನೆಯ ಮುದ್ರೆ ಬಿದ್ದರೆ ಅದು ಹೊಸ ಮಾದರಿ. ಬೀಳದಿದ್ದರೆ ಕೆಡಿಸಿದ ಬಂಡಿ. ನಮ್ಮ ಮೋಟಾರು ವಾಹನ ಕಾನೂನಿನ 52ನೆಯ ಕಲಮು, ಕಾರ್ಖಾನೆಯವರು ನಮೂದಿಸಿದ ವಿವರಗಳಿಗೆ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು ಎನ್ನುತ್ತದೆ. ನನ್ನ ಎಡಗೈ ಆ ಕಾನೂನಿನ ಪರವಾಗಿ ಸಾಕ್ಷಿ ಹೇಳುತ್ತದೆ. ಒಂದು ವರ್ಷ ಕಾಲ ಚೀಲ ತಳ್ಳುವುದು ತಪ್ಪಿದ ತಂದೆಯವರ ಬೆನ್ನು ವಿರುದ್ಧವಾಗಿ ಹೇಳುತ್ತಿತ್ತು. ಹರ್ಬ್ ಯೂಲನ ಹೆಸರು ಒಬ್ಬ ಮಾರಾಟದ ಅಧಿಕಾರಿ ಲೆಕ್ಕದ ಪುಸ್ತಕವನ್ನು ಗಮನವಿಟ್ಟು ನೋಡಿದ್ದರಿಂದ ಉಳಿಯಿತು. ಲೆಕ್ಕವೇ ಇಲ್ಲದ ಅಂಗಡಿಗಳು ನಮ್ಮ ಪೇಟೆಗಳಲ್ಲಿ ಎಷ್ಟೋ ಇದ್ದವು. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಬಂದ ಮೇಲೆ ಮೊಪೆಡ್ಡೆಂಬುದು ಹಳ್ಳಿ ಹಳ್ಳಿಗೆ ಹರಡಿತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಔಷಧದ ಪಂಪು ಇವುಗಳಿಗಾಗಿ ಕೊಕ್ಕೆ, ಹಲಗೆ, ಕಂಬಿಗಳನ್ನು ಬೆಸೆದು ಅದನ್ನು ರೈತರ ಬಂಡಿಯಾಗಿ ಮಾಡಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಹೋಂಡಾದವರು 2020ರಲ್ಲಿ ಆ ಹಳೆಯ ಕಾಡುಬಂಡಿಯ ವಂಶವನ್ನು 125 ಸಿ.ಸಿ. ಇಂಜಿನ್ನಿನೊಡನೆ ಮತ್ತೆ ತಂದಿದ್ದಾರೆ. ಎತ್ತಿ ಕಟ್ಟಿದ ಹೊಗೆಕೊಳವೆ, ಹಿಂದೆ ಸಾಮಾನಿಗೆ ಅಗಲವಾದ ಚೌಕಟ್ಟು, ಎರಡೂ ಚಕ್ರಕ್ಕೆ ಒಳ್ಳೆಯ ಬ್ರೇಕು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ನಮ್ಮ ಹಲ್ಲುಗಾಲಿ ಸಿಕ್ಕಿತು. ಬಂಡಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಇದನ್ನು ಮಾತ್ರ ತಂದೆಯವರು ಬಿಚ್ಚಿ ಇಟ್ಟುಕೊಂಡಿದ್ದರಂತೆ. ತುಕ್ಕು ಒರೆಸಿ ಹಲ್ಲುಗಳನ್ನು ಎಣಿಸಿದೆ. 54. ಒಂದರ ಹಾಗೆ ಇನ್ನೊಂದಿಲ್ಲ. ಬೆರಳಿಟ್ಟು ನೋಡಿದರೆ ಅರದ ಗೆರೆ ಇನ್ನೂ ಕೈಗೆ ಸಿಕ್ಕುತ್ತದೆ. ಪೇಟೆಯಲ್ಲಿ ಆತನ ಅಂಗಡಿಯಿದ್ದಲ್ಲಿ ಈಗ ಮೊಬೈಲಿನ ಅಂಗಡಿಯಿದೆ. ಅಲ್ಲಿ ಕೂತಿದ್ದ ಹುಡುಗನನ್ನು ಆತನ ಬಗ್ಗೆ ವಿಚಾರಿಸಿದೆ. ಅವನ ತಾತನೇ. ತೀರಿಕೊಂಡು ಆರು ವರ್ಷವಾಯಿತೆಂದ. ಹಲ್ಲುಗಾಲಿಯನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟೆ. ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಇದು ಯಾವ ಕಂಪನಿಯದು ಎಂದು ಕೇಳಿದ.